ಎರಡು ಹಲ್ಲುಗಳ ನಡುವಿನ ನೆರಳು

ದವಡೆಯ ಕೆಳಗಿನ ಗಂಟು ಮೊದಲು ಕೈಗೆ ಸಿಕ್ಕಿದ್ದು ಒಂದು ಶುಕ್ರವಾರ ಬೆಳಿಗ್ಗೆ, ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ನಿನಲ್ಲಿ. ಚಳಿಗೆ ಕೊರಳಿನ ಮಫ್ಲರ್ ಸರಿಮಾಡಿಕೊಳ್ಳುವಾಗ ಬಲಗಡೆ ಬೆರಳಿಗೆ ಏನೋ ತಾಗಿತು. ಎಡಗಡೆ ಮುಟ್ಟಿ ನೋಡಿದೆ. ಅಲ್ಲಿ ಇರಲಿಲ್ಲ. ಮತ್ತೆ ಬಲಗಡೆ ಮುಟ್ಟಿದೆ. ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು, ಒತ್ತಿದರೆ ನೋವು. ಅದರ ನೇರಕ್ಕಿರುವ ಕೆಳದವಡೆಯ ಹಲ್ಲುಗಳು ಹಿಂದಿನ ವಾರದಿಂದಲೇ ಮಿಡಿಯುತ್ತಿದ್ದವು. ರೈಲು ಬಂತು, ಹತ್ತಿದೆ. ಆಫೀಸು ತಲುಪುವವರೆಗೂ ಬೆರಳು ಮಫ್ಲರಿನೊಳಗೇ ಇತ್ತು.

ಬೆಳಗಿನ ರೇಡಿಯೊ, ಟಿವಿ ವಾರ್ತೆಗಳನ್ನು ಕೇಳಿ ಸಾರಾಂಶ ಬರೆದುಕೊಡುವುದು ನನ್ನ ಕೆಲಸ. ಮದುವೆಯಾಗಿ ಸಿಡ್ನಿಗೆ ಬರುವ ಮುಂಚೆ ದಾವಣಗೆರೆಯಲ್ಲಿ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕಿಯಾಗಿದ್ದೆ. ಅಲ್ಲಿದ್ದಾಗ ಒಮ್ಮೆ, ಹಲ್ಲಿನ ಸೋಂಕು ಗಂಟಲಿಗೆ ಇಳಿದು ವ್ಯಕ್ತಿಯೊಬ್ಬರು ತೀರಿಕೊಂಡ ಸುದ್ದಿ ನನ್ನ ಕೈಗೆ ಬಂದಿತ್ತು. ಒಂದು ಕಾಲಂ, ಹತ್ತು ಸಾಲು. ಕೊನೆ ಗಳಿಗೆಯಲ್ಲಿ ಜಾಹೀರಾತು ಬಂದದ್ದರಿಂದ ಐದು ಸಾಲಿಗೆ ಇಳಿಸಿದೆ. ದವಡೆಯ ಕೆಳಗೆ ಊತ ಬಂದದ್ದು, ನುಂಗಲು ಆಗುತ್ತಿಲ್ಲ ಎಂದು ಅವರು ಹೆಂಡತಿಗೆ ಹೇಳಿದ್ದು, ಅದಾದ ಮರುದಿನ ಉಸಿರು ಕಟ್ಟಿದ್ದು ಎಲ್ಲ ಕತ್ತರಿಯ ಪಾಲಾದವು. ಅಚ್ಚಾದ ಸಾಲುಗಳು ಈಗ ನೆನಪಿಲ್ಲ. ಕತ್ತರಿಸಿದವು ಮಾತ್ರ ಒಂದೂ ಮರೆತಿಲ್ಲ.

ಆ ದಿನ ಆಫೀಸಿನಲ್ಲಿ ಐದು ನಿಮಿಷಕ್ಕೊಮ್ಮೆ ಎಂಜಲು ನುಂಗಿ ನೋಡಿಕೊಂಡೆ. ನುಂಗಲು ಬರುತ್ತಿತ್ತು.

ಸಂಜೆ ಗಂಡನಿಗೆ ಹೇಳಿದೆ. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ, “ಮೊದ್ಲು ಡಬ್ಬಿ ನೋಡು” ಎಂದರು.

ಡಬ್ಬಿಯೆಂದರೆ ಊರಿನ ಮಾತ್ರೆಗಳ ಡಬ್ಬಿ. ನನಗೆ ಗೊತ್ತಿರುವ ಕನ್ನಡದವರ ಮನೆಗಳಲ್ಲಿ ಅದಿಲ್ಲದ ಅಡುಗೆಮನೆಯನ್ನು ನಾನು ಇಲ್ಲಿ ಕಂಡಿಲ್ಲ. ರಜೆಗೆ ಹೋದವರು ವಾಪಸು ಬರುವಾಗ ಚಟ್ನಿಪುಡಿಯ ಜೊತೆಗೆ ಜ್ವರಕ್ಕೆ, ಹೊಟ್ಟೆಗೆ, ನೋವಿಗೆ, ಸೋಂಕಿಗೆ ಎಂದು ಪಟ್ಟಿ ಪಟ್ಟಿ ಮಾತ್ರೆ ತರುತ್ತಾರೆ. ಇಲ್ಲಿ ಡಾಕ್ಟರು ಚೀಟಿ ಬರೆಯದೆ ಸಿಗದ ಆ್ಯಂಟಿಬಯಾಟಿಕ್ ಕೂಡ ಅದರಲ್ಲಿರುತ್ತದೆ. ನಮ್ಮ ಡಬ್ಬಿಯಲ್ಲೂ ಇತ್ತು. ಆ ಸಂಜೆ ಒಂದು ನುಂಗಿದೆ, ಮರುದಿನ ಎರಡು. ಗಂಟು ಮೆತ್ತಗಾಯಿತು, ಭಯವೂ ಕಡಿಮೆಯಾಯಿತು, ಬಿಟ್ಟೆ. ಸೋಮವಾರ ಗಂಟು ಮತ್ತೆ ಬಂತು. ಈ ಸಲ ಕೆನ್ನೆಯೂ ಊದಿತ್ತು. ಮತ್ತೆ ಎರಡು ನುಂಗಿದೆ.

ಮಂಗಳವಾರ ಹತ್ತಿರದ ದಂತವೈದ್ಯರ ಬಳಿ ಹೋದೆ. ಅವರು ಎಕ್ಸ್-ರೇ ತೆಗೆದು ಬಹಳ ಹೊತ್ತು ನೋಡಿದರು. ಬಲಗಡೆ ಕೆಳಗಿನ ಎರಡು ದವಡೆ ಹಲ್ಲುಗಳ ಬೇರುಗಳ ನಡುವೆ ಕಪ್ಪು ನೆರಳಿತ್ತು. ಅಲ್ಲಿ ಮೂಳೆ ಕರಗುತ್ತಿದೆ ಎಂದು ಅದರ ಅರ್ಥ. ಮುಂದಿನ ಹಲ್ಲಿಗೆ ಈಗಾಗಲೇ ರೂಟ್ ಕೆನಾಲ್ ಆಗಿ ಕ್ಯಾಪ್ ಕೂತಿದೆ. ಹಿಂದಿನದಕ್ಕೆ ಆಳವಾದ ಹಳೆಯ ಫಿಲ್ಲಿಂಗ್ ಇದೆ. ಕೀವು ಯಾವುದರಿಂದ ಬರುತ್ತಿದೆಯೋ ತನಗೆ ಹೇಳಲಾಗದು, ಒಮ್ಮೆ ಮಾಡಿದ ರೂಟ್ ಕೆನಾಲನ್ನು ಬಿಚ್ಚುವ ಕೆಲಸಕ್ಕೂ ತಾನು ಕೈಹಾಕುವುದಿಲ್ಲ ಎಂದರು. ಅದಕ್ಕೆಂದೇ ಪರಿಣತಿ ಪಡೆದ ಎಂಡೋಡಾಂಟಿಸ್ಟ್ ಬೇಕು. ಚೀಟಿ ಬರೆದುಕೊಟ್ಟರು. ಸಿಡ್ನಿಯಲ್ಲಿ ಮೂರು ಕಡೆ ಫೋನ್ ಮಾಡಿದೆ. ಎಲ್ಲೆಡೆಯೂ ವಾರಗಟ್ಟಲೆ ಕಾಯಬೇಕು; ಊತ ಗಂಟಲಿಗೆ ಬಂದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಎಂದು ಮೂವರೂ ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ ಹೇಳಿದರು. ನಾನು ಕತ್ತರಿಸಿದ್ದ ಸಾಲುಗಳನ್ನು ಯಾರೋ ಮತ್ತೆ ಸೇರಿಸಿ ಓದಿದಂತಾಯಿತು.

ಇನ್ನು ಉಳಿದದ್ದು ಮೆಲ್ಬರ್ನ್‌ನಲ್ಲಿರುವ ತಂಗಿ. ಅವಳಿಗೆ ಫೋನ್ ಮಾಡುವುದನ್ನೇ ನಾನು ಐದು ದಿನ ಮುಂದೂಡಿದ್ದೆ. ಕಾರಣವಿತ್ತು. ಕ್ಯಾಪ್ ಕೂತ ಆ ಹಲ್ಲಿಗೆ ರೂಟ್ ಕೆನಾಲ್ ಮಾಡಿದವಳು ಅವಳೇ.

ತಂಗಿ ದಾವಣಗೆರೆಯಲ್ಲಿ ದಂತವೈದ್ಯೆಯಾಗಿ, ರೂಟ್ ಕೆನಾಲ್ ವಿಷಯದಲ್ಲೇ ಎಂಡಿಎಸ್ ಮಾಡಿದವಳು. ಊರಿನಲ್ಲಿ ಹಲ್ಲಿನ ಡಾಕ್ಟರುಗಳೇ ತಮಗೆ ಬಗೆಹರಿಯದ್ದನ್ನು ಅವಳ ಬಳಿಗೆ ಕಳಿಸುತ್ತಿದ್ದರು. ಗಂಡನಿಗೆ ಇಲ್ಲೇ ಕಾಯಂ ನೆಲೆಸುವ ಪಿಆರ್ ಸಿಕ್ಕಿದ ಮೇಲೆ ಮಗಳನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಬಂದಳು. ಇಲ್ಲಿ ಅವಳ ಪದವಿ ನಡೆಯುವುದಿಲ್ಲ. ಮೊದಲು ಸಾಮಾನ್ಯ ದಂತವೈದ್ಯೆಯಾಗುವ ಪರೀಕ್ಷೆಗಳನ್ನು ಪಾಸು ಮಾಡಬೇಕು. ಮತ್ತೆ ತಜ್ಞೆ ಎನಿಸಿಕೊಳ್ಳುವುದು ಅದಕ್ಕಿಂತ ಉದ್ದದ ದಾರಿ. ಅಲ್ಲಿಯವರೆಗೆ ಗ್ಲೆನ್ ವೇವರ್ಲಿಯ ಒಬ್ಬ ಎಂಡೋಡಾಂಟಿಸ್ಟ್ ಬಳಿ ಸಹಾಯಕಿ. ಅವರು ಕೆಲಸ ಮಾಡುವಾಗ ರೋಗಿಯ ಬಾಯಿಯ ನೀರು ಎಳೆಯುವ ನಳಿಕೆ ಹಿಡಿಯುವುದು, ಕೇಳಿದ ಸಾಮಾನು ಕೈಗೆ ಕೊಡುವುದು, ಹೇಳಿದ್ದನ್ನು ಟೈಪ್ ಮಾಡುವುದು. “ಊರಲ್ಲಿ ನಾನು ಹುಡುಕ್ತಿದ್ದೆ, ಇಲ್ಲಿ ಹುಡುಕೋರಿಗೆ ದೀಪ ಹಿಡಿತೀನಿ” ಎಂದು ಒಮ್ಮೆ ಹೇಳಿ ನಕ್ಕಿದ್ದಳು. ನಾನು ನಕ್ಕಿರಲಿಲ್ಲ.

ವಿಡಿಯೊದಲ್ಲಿ ಕಂಡ ಕೂಡಲೇ ಅವಳ ಮುಖ ಬದಲಾಯಿತು.

“ಏನೇ ಅದು ಕೆನ್ನೆ? ಬಾಯಿ ತೆಗಿ.”

ತೆಗೆದೆ.

“ಇನ್ನೂ.”

“ಇಷ್ಟೇ ಆಗೋದು.”

“ಬೆರಳು ಇಟ್ಟು ನೋಡು. ಮೂರು ಹೋಗ್ತಾವಾ?”

“ಎರಡೂವರೆ.”

“ಅರ್ಧ ಬೆರಳು ಯಾವ್ದೇ ನಿಂದು? ಜ್ವರ ಐತಾ? ನುಂಗಕ್ಕೆ ಆಗುತ್ತಾ?”

“ಜ್ವರ ಇಲ್ಲ. ನುಂಗ್ತೀನಿ.”

“ಎಷ್ಟು ದಿನ ಆಯ್ತು?”

“ಎರಡು,” ಎಂದೆ. ಐದಾಗಿತ್ತು.

“ಆ ಡಬ್ಬಿಗೆ ಕೈ ಹಾಕಿಲ್ಲ ತಾನೆ?”

“ಇಲ್ಲ.”

“ಯಾವ ಹಲ್ಲು ಅನ್ಸುತ್ತೆ?”

“ಹಿಂದಿನದು,” ಎಂದೆ. ನಿಜವಾಗಿ ನನಗೆ ತಿಳಿದಿರಲಿಲ್ಲ. ಅವಳದ್ದಲ್ಲದ ಹಲ್ಲು ಆಗಿರಲಿ ಎಂದು ಬಯಸಿದ್ದೆ, ಬಯಸಿದ್ದನ್ನೇ ಉತ್ತರವಾಗಿ ಕೊಟ್ಟೆ. ಮೂರು ಪ್ರಶ್ನೆಗೆ ಮೂರು ತಪ್ಪು ಉತ್ತರ. ಡೆಸ್ಕಿನಲ್ಲಿ ಯಾವ ವರದಿಗಾರನಾದರೂ ಹೀಗೆ ಮಾಡಿದ್ದರೆ ಕಾಪಿಯನ್ನು ಅವನ ಮೇಜಿಗೆ ವಾಪಸು ಎಸೆಯುತ್ತಿದ್ದೆ.

ಅವಳು, “ಗುರುವಾರ ನಮ್ಮಲ್ಲಿ ಒಬ್ರು ಕ್ಯಾನ್ಸಲ್ ಮಾಡಿದಾರೆ. ಬಾರೇ” ಎಂದಳು.

ಬುಧವಾರ ಸಂಜೆ ಮೆಲ್ಬರ್ನ್‌ನಲ್ಲಿ ಇಳಿದು ಟ್ರುಗನಿನಾ ಬಡಾವಣೆಯ ಅವಳ ಮನೆಗೆ ಹೋದೆ. ಗುರುವಾರ ಬೆಳಿಗ್ಗೆ ಏಳಕ್ಕೇ ತಂಗಿ ಕೆಲಸಕ್ಕೆ ಹೊರಟಳು. ಅವಳ ಮನೆ ಊರಿನ ಈ ತುದಿ, ಗ್ಲೆನ್ ವೇವರ್ಲಿ ಆ ತುದಿ. ಹನ್ನೊಂದರ ಅಪಾಯಿಂಟ್‌ಮೆಂಟಿಗೆ ನನ್ನನ್ನು ಕರೆದೊಯ್ಯುವುದು ಅವಳ ಗಂಡನ ಪಾಲಿಗೆ ಬಂತು. ಮಂಡ್ಯ ಕಡೆಯ ಹುಡುಗ, ಓದಲೆಂದು ಬಂದು ಇಲ್ಲೇ ನಿಂತವನು, ಮನೆ ಹತ್ತಿರದ ಗೋದಾಮಿನಲ್ಲಿ ಸೂಪರ್‌ವೈಸರ್. ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೆನ್ನೆ ಹಿಡಿದು ಕೂತಿದ್ದೆ. ನೋವು ಕಿವಿಯವರೆಗೆ ಹೋಗಿತ್ತು. ಶಾಲೆಗೆ ಹೊರಟಿದ್ದ ಅವರ ಮಗಳು ಚೀಲ ಹೆಗಲಿಗೇರಿಸಿ ನನ್ನ ಮುಖವನ್ನೇ ನೋಡಿದಳು.

“ಆರ್ ಯೂ ಸ್ಕೇರ್ಡ್, ದೊಡ್ಡಮ್ಮ?”

“ಹೂಂ ಪುಟ್ಟಿ.”

“ಅಮ್ಮ ವಿಲ್ ಬಿ ದೇರ್,” ಎಂದು ಹೇಳಿ ಹೋದಳು.

ಅವಳ ಅಪ್ಪ ಮೇಲಿನ ಕಪಾಟು ತೆಗೆದು ಒಂದು ಡಬ್ಬಿ ಕೆಳಗಿಟ್ಟ. ನಮ್ಮ ಮನೆಯದ್ದಕ್ಕಿಂತ ದೊಡ್ಡದು.

“ತಗಳಿ ಅಕ್ಕ. ಇದು ನಮ್ಮೂರ್ದು, ಕುದುರೆ ಒದ್ರೂ ಗೊತ್ತಾಗಕಿಲ್ಲ, ಹಂಗೈತೆ.”

“ತಂಗಿಗೆ ಗೊತ್ತಾದ್ರೆ?”

“ಅಯ್ಯೋ, ಅವ್ಳಿಗೆ ಹೇಳ್ಬ್ಯಾಡಿ ಮತ್ತೆ! ಡಬ್ಬಿ ಸಮೇತ ನನ್ನೂ ಎಸೀತಾಳೆ. ಮನೇಲಿ ಡಾಕ್ಟ್ರು ಇಟ್ಕಂಡು ಕದ್ದು ಮಾತ್ರೆ ನುಂಗೋ ಬಾಳು ನಂದು.”

ಎರಡು ನುಂಗಿದೆ. ಕಾರು ವೆಸ್ಟ್‌ಗೇಟ್ ಸೇತುವೆ ದಾಟುವಷ್ಟರಲ್ಲಿ ನೋವು ಇಳಿಯಿತು. ಗ್ಲೆನ್ ವೇವರ್ಲಿ ತಲುಪಿದಾಗ ಅದು ಪೂರ್ತಿ ಹೋಗಿತ್ತು. ಭಯ ಇತ್ತು.

ಕ್ಲಿನಿಕ್ ಚಿಕ್ಕದು, ಮನೆಯೊಂದನ್ನು ಬದಲಾಯಿಸಿ ಮಾಡಿದ್ದು. ಎಂಡೋಡಾಂಟಿಸ್ಟ್ ಅರವತ್ತರ ಆಸುಪಾಸಿನವರು, ಮೆಲುದನಿ. ಮೊದಲ ಸಲದ ರೂಟ್ ಕೆನಾಲಿಗೆ ಜನ ತಮ್ಮ ಬಳಿ ಬರುವುದೇ ಕಡಿಮೆ ಎಂದರು. ಸಾಮಾನ್ಯ ದಂತವೈದ್ಯರೇ ಅದನ್ನು ಮಾಡುತ್ತಾರೆ, ಬಹುಪಾಲು ಚೆನ್ನಾಗಿಯೇ ಮಾಡುತ್ತಾರೆ. ಕೆಟ್ಟದ್ದು ಮಾತ್ರ ಇಲ್ಲಿಗೆ ಬರುತ್ತದೆ. ಇಲ್ಲಿಗೂ ಬಾರದೆ ಹಲ್ಲು ಕೀಳಿಸಿ ಇಂಪ್ಲಾಂಟ್ ಹಾಕಿಸಿಕೊಳ್ಳುವವರು ಈಗ ಹೆಚ್ಚು. “ಉಳಿಸಬಹುದಾಗಿದ್ದ ಹಲ್ಲು ತಟ್ಟೆಗೆ ಬೀಳುವುದನ್ನು ನೋಡಿದರೆ ನನಗೆ ಇನ್ನೂ ಸಂಕಟವಾಗುತ್ತದೆ,” ಎಂದರು. ದೂರಿನ ದನಿಯಿರಲಿಲ್ಲ. ಮಾತಾಡುತ್ತಲೇ ಕೈ ತೊಳೆಯುತ್ತಿದ್ದರು.

ತಂಗಿ ಮಾಸ್ಕ್ ಹಾಕಿ ಕುರ್ಚಿಯ ಇನ್ನೊಂದು ಬದಿಗೆ ನಿಂತಿದ್ದಳು. ರೋಗಿ ಅಕ್ಕ ಎಂದು ಮೊದಲೇ ತಿಳಿಸಿದ್ದಳು. ನಮ್ಮಿಬ್ಬರಿಗೂ ಒಪ್ಪಿಗೆಯೇ ಎಂದು ಅವರು ಕೇಳಿದ್ದರು.

ನೋವಿಗೆ ಏನಾದರೂ ತೆಗೆದುಕೊಂಡಿದ್ದೀರಾ ಎಂದು ಅವರು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದೆ. ತಂಗಿ ಅದನ್ನು ಟೈಪ್ ಮಾಡಿಕೊಂಡಳು.

ಪರೀಕ್ಷೆ ಶುರುವಾಯಿತು. ಹತ್ತಿಯ ಉಂಡೆಯೊಂದನ್ನು ಕೊರೆಯುವಷ್ಟು ತಣ್ಣಗೆ ಮಾಡಿ ಒಂದೊಂದೇ ಹಲ್ಲಿಗೆ ಒತ್ತಿದರು. ನರ ಬದುಕಿದ್ದರೆ ಚಳಿ ತಿಳಿಯುತ್ತದೆ; ತಿಳಿದರೆ ಕೈ ಎತ್ತಬೇಕು. ಎಡಗಡೆ ಎತ್ತಿದೆ. ಬಲಗಡೆ ಹಿಂದಿನ ಹಲ್ಲಿಗೆ ಒತ್ತಿದಾಗ ಏನೋ ಇದ್ದೂ ಇಲ್ಲದಂತಾಯಿತು, ಕೈ ಎತ್ತಲಿಲ್ಲ. ಕನ್ನಡಿಯ ಹಿಡಿಯಿಂದ ತಟ್ಟಿದರು. ಎರಡೂ ಹಲ್ಲು ಒಂದೇ ರೀತಿ ಮಂಕಾಗಿದ್ದವು. ಕಡ್ಡಿಯೊಂದನ್ನು ಕಚ್ಚಿಸಿದರು. ನೋವಿಲ್ಲ. ಸ್ಕ್ಯಾನ್ ಮಾಡಿದರು. ಕ್ಯಾಪಿನ ಲೋಹದಿಂದ ಚಿತ್ರದಲ್ಲಿ ಬಿಳಿ ಗೆರೆಗಳು ಹರಡಿ, ಬೇಕಾದ ಜಾಗವೇ ಮಸುಕಾಗಿತ್ತು.

“ಹಿಂದಿನ ಹಲ್ಲಿನ ನರ ಸತ್ತಿರುವಂತೆ ಕಾಣುತ್ತದೆ. ಊತಕ್ಕೆ ಅದೇ ಕಾರಣವಿರಬಹುದು. ಇವತ್ತು ಅದನ್ನು ತೆರೆಯೋಣ,” ಎಂದರು ಅವರು.

ಅವಳದ್ದಲ್ಲ. ಒಂದು ಕ್ಷಣ ನನಗೆ ಹಗುರವೆನಿಸಿದ್ದು ನಿಜ. ಮರುಕ್ಷಣವೇ ಅರ್ಥವಾಯಿತು: ಆ ಹಲ್ಲು ಸತ್ತಿದೆಯೆಂದು ಹೇಳುತ್ತಿರುವುದು ಮಂಡ್ಯದ ಮಾತ್ರೆ. ಬದುಕಿರುವ ಹಲ್ಲನ್ನು ಕೊರೆಯುತ್ತಾರೆ. ಕೀವಿರುವ ಹಲ್ಲು ಹಾಗೇ ಉಳಿಯುತ್ತದೆ. ನಾನು ವಿಮಾನ ಹತ್ತಿ ಸಿಡ್ನಿಗೆ ಹೋಗುತ್ತೇನೆ, ಗಂಟು ಕೆಳಗಿಳಿಯುತ್ತದೆ. ಹೇಳಬೇಕು. ಹೇಳಿದರೆ ಅವಳ ಗಂಡನ ಮಾತು ಬರುತ್ತದೆ, ನನ್ನ ಸುಳ್ಳುಗಳು ಬರುತ್ತವೆ, ನಾಳೆ ಅವಳು ಮಾಡಿದ ಹಲ್ಲಿನ ಸರದಿಯೂ ಬರಬಹುದು. ಅವರು ಅರಿವಳಿಕೆಯ ಸೂಜಿಗೆ ಕೈ ಚಾಚಿದರು.

ಸೂಜಿ ಕೊಡುವ ಬದಲು ತಂಗಿ ಇಂಗ್ಲಿಷಿನಲ್ಲಿ ಹೇಳಿದಳು: “ಡಾಕ್ಟರ್, ಮುಂದಿನ ಹಲ್ಲನ್ನು ಒಮ್ಮೆ ಯೋಚಿಸಬೇಕು. ಅದು ನಾನು ಮಾಡಿದ್ದು. ಎರಡು ಸಲ ಕೂರಿಸಿ ಮಾಡಬೇಕಿತ್ತು, ಒಂದೇ ಸಲಕ್ಕೆ ಮುಗಿಸಿದೆ. ಬೇರಿನೊಳಗೆ ನರವಿರುವ ಮೂರು ನಾಳಗಳಲ್ಲದೆ ನಾಲ್ಕನೆಯದೊಂದು ಇರಬಹುದೆಂಬ ಅನುಮಾನ ಬಂದಿತ್ತು. ಹುಡುಕಿದೆ, ಸಿಗಲಿಲ್ಲ.”

ಅವರು ತಿರುಗಿ ಅವಳನ್ನು ನೋಡಿದರು. “ಒಂದೇ ಸಲಕ್ಕೆ ಯಾಕೆ?”

ಅವಳು ಕಂಪ್ಯೂಟರಿನ ಪರದೆಯ ಕಡೆ ತಿರುಗಿದಳು. ಕಾರಣ ಕುರ್ಚಿಯಲ್ಲಿ ಮಲಗಿತ್ತು. ರಜೆಗೆ ಊರಿಗೆ ಹೋಗುವ ಇಲ್ಲಿನ ನಮ್ಮವರೆಲ್ಲ ಹಲ್ಲಿನ ಕೆಲಸವನ್ನು ಆ ಮೂರು ವಾರಕ್ಕೆಂದು ಎತ್ತಿಡುತ್ತೇವೆ. ಮದುವೆ, ಗೃಹಪ್ರವೇಶ, ಸೀರೆ ಅಂಗಡಿ ಎಲ್ಲ ಮುಗಿದ ಮೇಲೆ ಕೊನೆಯ ಎರಡು ದಿನ ಹಲ್ಲಿಗೆ. ಅಂದು ಅವಳು ಔಷಧಿ ಇಟ್ಟು ಮುಚ್ಚುತ್ತೇನೆ, ವಾರ ಬಿಟ್ಟು ಬಾ ಎಂದಿದ್ದಳು. ನಾಡಿದ್ದು ಫ್ಲೈಟಿದೆ, ಇವತ್ತೇ ಮುಗಿಸು ಎಂದು ಹಟ ಹಿಡಿದವಳು ನಾನು.

ಕೈ ಎತ್ತಿದೆ. ಬಾಯಿಂದ ಹತ್ತಿ ತೆಗೆದು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಒಂದೇ ಸಲಕ್ಕೆ ಮುಗಿಸಲು ಒತ್ತಾಯಿಸಿದ್ದು ನಾನು. ಊತ ಬಂದು ಎರಡು ದಿನವಲ್ಲ, ಈಗ ಏಳು ದಿನ. ಆ್ಯಂಟಿಬಯಾಟಿಕ್ ಬಿಟ್ಟು ಬಿಟ್ಟು ಐದು. ಬೆಳಿಗ್ಗೆ ಒಂಬತ್ತಕ್ಕೆ ನೋವಿನ ಮಾತ್ರೆ ಎರಡು.

ಅವರು ಸೂಜಿಯನ್ನು ತಟ್ಟೆಯಲ್ಲಿಟ್ಟು ಮುಚ್ಚಿದರು. “ಹಾಗಾದರೆ ಇವತ್ತು ನಾನು ಮಾಡಿದ ಪರೀಕ್ಷೆಗಳು ಒಂದೂ ಪರೀಕ್ಷೆಗಳಲ್ಲ. ನಾಳೆ ಬೆಳಿಗ್ಗೆ ಬನ್ನಿ. ಏನನ್ನೂ ನುಂಗದೆ ಬನ್ನಿ. ಉಸಿರಿಗೆ, ನುಂಗಲಿಕ್ಕೆ ತೊಂದರೆಯಾದರೆ ಮಾತ್ರ ನನಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.”

ತಂಗಿಯ ಗಂಡ ನನ್ನನ್ನು ಬಿಟ್ಟು ಕೆಲಸಕ್ಕೆ ಹೋಗಿದ್ದ; ಸಂಜೆ ತಂಗಿಯ ಕಾರಿನಲ್ಲಿ ಮನೆಗೆ ಹೊರಟೆವು. ಸೇತುವೆಯ ಮೇಲೆ ಬಂದಾಗ, “ಮಾತ್ರೆ ಕೊಟ್ಟಿದ್ದು ಯಾರು?” ಎಂದಳು.

“ನಾನೇ ತಗೊಂಡೆ.”

“ಕುದುರೆ ಒದ್ರೂ ಗೊತ್ತಾಗಲ್ಲ ಅಂದ್ನಾ?”

ನಾನು ಕಿಟಕಿಯ ಕಡೆ ತಿರುಗಿದೆ.

“ಮನೆಗೆ ಬರ್ಲಿ, ಒದ್ದು ನೋಡ್ತೀನಿ ಗೊತ್ತಾಗುತ್ತೋ ಇಲ್ವೋ ಅಂತ,” ಎಂದಳು. ನಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾತ್ರೆಯಿಲ್ಲದ ಮುಖ ಹೇಗಿರುತ್ತದೆಂದು ಗೊತ್ತಾಯಿತು. ಗಂಟು ದವಡೆಯ ಅಂಚು ದಾಟಿ ಒಂದು ಬೆರಳಿನಷ್ಟು ಕೆಳಗೆ ಬಂದಿತ್ತು. ನೀರು ಗುಟುಕರಿಸಿದರೆ ಕಿವಿಯೊಳಗೆ ಚುಚ್ಚುತ್ತಿತ್ತು. ದಾರಿಯುದ್ದಕ್ಕೂ ನಾನು ಮಾಡಿದ್ದು ಒಂದೇ ಕೆಲಸ, ನುಂಗುವುದು. ಪ್ರತಿ ಸಲವೂ ಇದು ಹಿಂದಿನದ್ದಕ್ಕಿಂತ ಕಷ್ಟವಾಯಿತೇ ಎಂದು ಕೇಳಿಕೊಳ್ಳುತ್ತಿದ್ದೆ. ಹೌದೆಂದೂ ಅನಿಸುತ್ತಿತ್ತು, ಇಲ್ಲವೆಂದೂ ಅನಿಸುತ್ತಿತ್ತು. ಭಯದಲ್ಲಿರುವವರು ತಮ್ಮ ಬಗ್ಗೆ ಕೊಡುವ ವರದಿಯನ್ನು ನಂಬಲಾಗದು.

ತಣ್ಣನೆಯ ಹತ್ತಿ ಹಿಂದಿನ ಹಲ್ಲಿಗೆ ತಾಗಿದ್ದೇ ತಡ, ಕುರ್ಚಿಯಿಂದ ಅರ್ಧ ಎದ್ದೆ.

“ಬದುಕಿದೆ,” ಎಂದರು ಅವರು.

ಮುಂದಿನ ಹಲ್ಲನ್ನು ಕನ್ನಡಿಯ ಹಿಡಿಯಿಂದ ಒಮ್ಮೆ ತಟ್ಟಿದರು. ನನ್ನ ಬಾಯಿಂದ ಹೊರಟ ಸದ್ದಿಗೆ ಇನ್ನೊಮ್ಮೆ ತಟ್ಟುವ ಅಗತ್ಯ ಬರಲಿಲ್ಲ. ನಾನು ತಂಗಿಯ ಕಡೆ ನೋಡಿದೆ. ಅವಳು ಪರದೆಯ ಕಡೆ ನೋಡುತ್ತಿದ್ದಳು.

ಅರಿವಳಿಕೆ ಕೊಟ್ಟರು, ಸೋಂಕಿದ್ದದ್ದರಿಂದ ಹಿಡಿಯಲು ಮೂರು ಸೂಜಿ ಬೇಕಾಯಿತು. ಬಾಯಿಯ ಮೇಲೆ ರಬ್ಬರಿನ ಹಾಳೆ ಬಿಗಿದು ಆ ಒಂದು ಹಲ್ಲನ್ನು ಮಾತ್ರ ಹೊರಗೆ ಬಿಟ್ಟರು. ಇನ್ನು ನಾನು ಮಾತಾಡುವಂತಿಲ್ಲ. ಮೂಗಿನಿಂದ ಬರುತ್ತಿದ್ದ ಗಾಳಿ ಸಾಲದು ಎನಿಸಿ ಎರಡು ಸಲ ಕೈ ಎತ್ತಿದೆ. ಎರಡು ಸಲವೂ ಅವರು ನಿಲ್ಲಿಸಿ ಕಾದರು. ಮೈಕ್ರೋಸ್ಕೋಪನ್ನು ತಲೆಯ ಮೇಲೆ ತಂದರು. ಕ್ಯಾಪಿನ ನಡುವೆ ಕೊರೆದು, ತಂಗಿ ಅಂದು ತುಂಬಿದ್ದ ರಬ್ಬರಿನಂಥ ವಸ್ತುವನ್ನು ಎಳೆ ಎಳೆಯಾಗಿ ಹೊರತೆಗೆದರು. ಅವಳು ಕಟ್ಟಿದ್ದನ್ನು ಬಿಚ್ಚುತ್ತಿದ್ದಾಗ ಬಾಯಿಯ ನೀರನ್ನು ಎಳೆಯುತ್ತಿದ್ದವಳು ಅವಳೇ. ಅವಳ ಕೈ ಅಲುಗಲಿಲ್ಲ.

ಮೂರು ನಾಳಗಳೂ ಸ್ವಚ್ಛವಾಗಿವೆ, ಚೆನ್ನಾಗಿ ಮಾಡಿದ್ದೀಯ ಎಂದು ಅವರು ಅವಳಿಗೆ ಹೇಳಿದರು. ಆಮೇಲೆ ಮಾತು ನಿಂತಿತು. ಸಣ್ಣ ಮೊನೆಯೊಂದು ಹಲ್ಲಿನ ತಳವನ್ನು ಕೆರೆಯುವ ಸದ್ದು ತಲೆಬುರುಡೆಯೊಳಗೆ ಬಹಳ ಹೊತ್ತು ಕೇಳುತ್ತಿತ್ತು. ಆ ಕೆರೆತ ನಿಲ್ಲುವವರೆಗೆ ನನಗೆ ಬೇರೆ ಯಾವುದರ ಅರಿವೂ ಇರಲಿಲ್ಲ.

“ಸಿಕ್ತು,” ಎಂದಳು ತಂಗಿ, ಕನ್ನಡದಲ್ಲಿ. ಅವರಿಗೆ ಅರ್ಥವಾಗಿರಬೇಕು, ತಲೆಯಾಡಿಸಿದರು.

ನಾಲ್ಕನೆಯದು ಹಿಂಬದಿಯ ಬೇರಿನಲ್ಲಿತ್ತು, ಕೂದಲಿನಷ್ಟು ಸಣ್ಣದು. ಅದರಿಂದ ಬಂದದ್ದರ ವಾಸನೆ ರಬ್ಬರ್ ಹಾಳೆಯನ್ನೂ ದಾಟಿ ನನಗೆ ತಿಳಿಯಿತು. ತೊಳೆದರು, ಮತ್ತೆ ತೊಳೆದರು, ಔಷಧಿ ತುಂಬಿ ತಾತ್ಕಾಲಿಕವಾಗಿ ಮುಚ್ಚಿದರು. ಈ ಮೈಕ್ರೋಸ್ಕೋಪಿಲ್ಲದೆ ತಮಗೂ ಇದು ಕಾಣುತ್ತಿತ್ತೆಂದು ಹೇಳಲಾಗದು ಎಂದು ಅವಳಿಗೆ ಹೇಳಿದರು. ಅವಳು ಸಾಮಾನುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು.

ಸರಿಯಾದ ಆ್ಯಂಟಿಬಯಾಟಿಕ್ ಬರೆದುಕೊಟ್ಟರು, ಮುಗಿಯುವವರೆಗೆ ಒಂದನ್ನೂ ಬಿಡಬಾರದೆಂಬ ಮಾತಿನೊಂದಿಗೆ. ಮೂರು ವಾರ ಬಿಟ್ಟು ಎರಡನೆಯ ಸಲ. ಹಲ್ಲು ಉಳಿಯುತ್ತದೆಯೇ ಎಂದು ಅರ್ಧ ಮರಗಟ್ಟಿದ ಬಾಯಿಂದ ಕೇಳಿದೆ. ಮೂಳೆ ಮತ್ತೆ ಬೆಳೆದರೆ ಉಳಿಯುತ್ತದೆ, ಅದು ಒಂದು ವರ್ಷದ ಮೇಲಿನ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ ಎಂದರು.

ಆ ಸಂಜೆಯ ವಿಮಾನ ಬಿಟ್ಟು ಟ್ರುಗನಿನಾದಲ್ಲಿ ಉಳಿದೆ. ಶನಿವಾರ ಊತ ಹೆಚ್ಚಾದಂತೆ ಕಂಡಿತು. ಹೀಗಾಗುವುದುಂಟು ಎಂದು ತಂಗಿ ಹೇಳಿದಳು, ಆದರೂ ಅಂದು ಮೂರು ಸಲ ಬಂದು ನೋಡಿದಳು. ಭಾನುವಾರ ಹಾಗೇ ಇತ್ತು. ಸೋಮವಾರ ಕೆಲಸಕ್ಕೆ ಹೊರಡುವ ಮುಂಚೆ ಬಂದು ನನ್ನ ತಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಎರಡು ಬೆರಳು ದವಡೆಯ ಕೆಳಗಿಟ್ಟು ಅಂಚಿನುದ್ದಕ್ಕೂ ನಿಧಾನವಾಗಿ ತಂದಳು. ಅವಳ ಬೆರಳುಗಳಿಗೆ ಅವಸರವಿರಲಿಲ್ಲ.

“ಬಾಯಿ ತೆಗಿ. ಇನ್ನೂ. ಈಗ ನುಂಗು.”

ನುಂಗಿದೆ.

“ಇಳಿದೈತಿ.”

“ಹೋಯ್ತಾ?”

“ಇಳಿದೈತಿ ಅಂದೆ. ಹೋಯ್ತು ಅಂತ ನಾನು ಹೇಳಲ್ಲ. ಊರಲ್ಲಿ ಒಂದು ಸಲ ಹೇಳಿ ಆಗೈತಿ.”

ಅವಳು ಕಾರಿನ ಬೀಗದ ಕೈ ತೆಗೆದುಕೊಂಡು ಹೊರಟಳು. ಗ್ಯಾರೇಜಿನ ಬಾಗಿಲು ಮುಚ್ಚುವವರೆಗೆ ಕಾದು, ಅವಳು ಒತ್ತಿದ್ದ ಜಾಗದಲ್ಲೇ ಮತ್ತೆ ಬೆರಳಿಟ್ಟು ನುಂಗಿ ನೋಡಿದೆ.